ಪುಕ್ಕಟೆ ಪತ್ರಿಕೆಯ ಲೆಕ್ಕ: ಕೋಲಾರದಲ್ಲಿ ನನ್ನ 12 ವರ್ಷ

2008ರ ಜನವರಿ, ಒಂದು ಗುರುವಾರ. ಬೆಳಗ್ಗೆ ಐದೂವರೆಗೆ ಕೋಲಾರದ ಎಪಿಎಂಸಿ ಗೇಟಿನ ಮುಂದೆ ನಾನೂ ನನ್ನ ತಮ್ಮನೂ ನಮ್ಮ ವಾರಪತ್ರಿಕೆಯ ಮೊದಲ ಕಟ್ಟು ಬಿಚ್ಚಿದೆವು. ನಾಲ್ಕು ಪುಟ, ಟ್ಯಾಬ್ಲಾಯ್ಡ್ ಸೈಜು, 3,000 ಪ್ರತಿ. ಬೆಲೆ ಇಲ್ಲ, ಪುಕ್ಕಟೆ. ಟೊಮೆಟೊ ಬಾಕ್ಸ್ ಇಳಿಸುತ್ತಿದ್ದ ಹಮಾಲಿಯೊಬ್ಬರ ಕೈಗೆ ಒಂದು ಪ್ರತಿ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಯಾವ ಪಾರ್ಟಿದಕ್ಕಾ ಇದು?"

ಆವತ್ತು ಬೇಕಾದಷ್ಟು ಜನ ಇದನ್ನೇ ಕೇಳಿದರು. ತಪ್ಪಿಲ್ಲ. ಆ ವರ್ಷ ವಿಧಾನಸಭೆ ಚುನಾವಣೆ ಬರುವುದಿತ್ತು, ಮೇ ತಿಂಗಳಲ್ಲಿ ನಡೆಯಿತು ಕೂಡ. ನಮ್ಮೂರಲ್ಲಿ ಸುಮ್ನೆ ಕೈಗೆ ಸಿಗುವ ಅಚ್ಚಿನ ಕಾಗದ ಅಂದರೆ ಒಂದೋ ಪಾರ್ಟಿ ಕರಪತ್ರ, ಇಲ್ಲಾ ಸೀರೆ ಅಂಗಡಿಯ ಆಫರ್. ದುಡ್ಡಿಲ್ಲದೆ ಪೇಪರ್ ಹಂಚುತ್ತಾರೆ ಅಂದರೆ ಹಿಂದೆ ಯಾರೋ ಇದ್ದಾರೆ ಅಂತ ತಾನೇ ಅನಿಸುತ್ತದೆ? ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ನನ್ನ 12 ವರ್ಷ ಹೋಯಿತು.

ನಾನು ಡಿಟಿಪಿ ಕೆಲಸದವಳು. ಮದುವೆಗೆ ಮೊದಲು ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಪ್ರೆಸ್‌ನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಪ್ರೂಫ್ ನೋಡುತ್ತಿದ್ದ ಹಿರಿಯರೊಬ್ಬರಿಗೆ ಪತ್ರಿಕೆ ಅಂದರೆ ಪ್ರಾಣ. 1843ರ ಜುಲೈ 1ರಂದು ಇದೇ ಊರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದರು, ಕನ್ನಡದ ಮೊದಲ ಪತ್ರಿಕೆ ಅದು ಅಂತ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಜಾಸ್ತಿ ಮಾತಾಡುತ್ತಿದ್ದದ್ದು ಮಾತ್ರ 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಬಂಡವಾಳ ಕೂಡಿಸಿ ಶುರು ಮಾಡಿದ 'ಮುಂಗಾರು' ದಿನಪತ್ರಿಕೆ ಬಗ್ಗೆ. "ಸುದ್ದಿ ಮತ್ತೆ ಓದಿ ಮಾರಾಯ್ರೆ, ದುಡ್ಡು ಎಲ್ಲಿಂದ ಬರ್ತದೆ ಅಂತ ಮೊದಲು ನೋಡಿ" ಅನ್ನುತ್ತಿದ್ದರು. ಆಗ ನನಗೆ ಅದು ಮುದುಕರ ಮಾತು. ಎಪಿಎಂಸಿ ಗೇಟಿನ ಮುಂದೆ ನಿಂತಾಗ ಅರ್ಥವಾಯಿತು.

ಪುಕ್ಕಟೆ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು. ಕೋಲಾರದಲ್ಲಿ ಪತ್ರಿಕೆಗಳಿಗೆ ಬರವಿರಲಿಲ್ಲ. ಆದರೆ ಮಂಡಿಗೆ ಬರುವ ರೈತ, ಹಮಾಲಿ, ಹಾಲಿನ ಡೈರಿಗೆ ಬರುವ ಹೆಂಗಸು ಇವರ್ಯಾರೂ ದುಡ್ಡು ಕೊಟ್ಟು ಪೇಪರ್ ಕೊಳ್ಳುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವರೇ. ಎರಡು ರೂಪಾಯಿ ಬೆಲೆ ಇಟ್ಟರೆ ಆ ಎರಡು ರೂಪಾಯಿ ವಸೂಲಿ ಮಾಡುವುದಕ್ಕೆ ಇನ್ನೊಂದು ರೂಪಾಯಿ ಖರ್ಚು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತೇ ಇಲ್ಲದೆ ಓದುಗರ ದುಡ್ಡಿನಲ್ಲಿ ನಡೆದದ್ದು ಗೊತ್ತಿತ್ತು. ಅದಕ್ಕೆ ರಾಜ್ಯದ ತುಂಬ ಓದುಗರು ಬೇಕು. ಒಂದು ತಾಲ್ಲೂಕಿನಲ್ಲಿ ಆಗದ ಮಾತು. ಹಾಗಾಗಿ ಜಾಹೀರಾತು ದುಡ್ಡಿನಲ್ಲೇ ನಡೆಸಬೇಕು, ಆದರೆ ಯಾರ ಮುಲಾಜಿಗೂ ಬೀಳಬಾರದು.

ರಿಜಿಸ್ಟ್ರೇಷನ್ ವಿಷಯ ಬೇಗ ಹೇಳಿಬಿಡುತ್ತೇನೆ. ಆಗ 1867ರ ಹಳೇ ಕಾಯ್ದೆ. ಹೆಸರುಗಳ ಪಟ್ಟಿ ಬರೆದು ಕಳಿಸಬೇಕು. ದೇಶದಲ್ಲಿ ಎಲ್ಲೇ ಆಗಲಿ ಅದೇ ಭಾಷೆಯಲ್ಲಿ, ಇಲ್ಲವೇ ನಮ್ಮ ರಾಜ್ಯದಲ್ಲಿ ಯಾವುದೇ ಭಾಷೆಯಲ್ಲಿ ಆ ಹೆಸರು ಇದ್ದರೆ ಸಿಗಲ್ಲ. ನನ್ನ ಮೊದಲ ಮೂರು ಹೆಸರೂ ಹೋದವು. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಡಿಕ್ಲರೇಷನ್, ಅಂದರೆ ಪತ್ರಿಕೆ ತರುತ್ತೇವೆ ಅನ್ನುವ ಘೋಷಣೆ. ಅದು ದೃಢವಾದ ಮೇಲೆ ವಾರಪತ್ರಿಕೆಯನ್ನು ಆರು ವಾರದೊಳಗೆ ಹೊರತರಲೇಬೇಕು, ಇಲ್ಲಾಂದ್ರೆ ಡಿಕ್ಲರೇಷನ್ ರದ್ದು. ಅದಕ್ಕೇ ಜನವರಿ ಚಳಿಯಲ್ಲಿ ಶುರು ಮಾಡಿದ್ದು. ಈಗ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್‌ನಿಂದ ಎಲ್ಲ ಆನ್‌ಲೈನ್. ಹೊಸಬರು ನನ್ನ ದಾರಿ ಹಿಡಿಯಬೇಕಾಗಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಪ್ರಿಂಟ್, ಪೇಪರ್ ಪ್ಲೇಟ್ ಎಲ್ಲ ಸೇರಿ 5,700 ರೂಪಾಯಿ. ರಾತ್ರಿ ಕೋಲಾರಕ್ಕೆ ತರಲು 600. ಹಂಚುವ ಹುಡುಗರಿಗೆ 1,200. ವಾರಕ್ಕೆ 7,500. ಚಿಕ್ಕ ಬಾಕ್ಸ್ ಜಾಹೀರಾತಿಗೆ 150 ರೂಪಾಯಿ, ಕಾಲು ಪುಟಕ್ಕೆ 1,200. ಕಾಲು ಪುಟಕ್ಕಿಂತ ದೊಡ್ಡದು ಯಾರಿಗೂ ಇಲ್ಲ ಅಂತ ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿದ್ದೆ. 35 ಬಾಕ್ಸ್, ಎರಡು ಕಾಲು ಪುಟ ಸಿಕ್ಕರೆ 7,650 ಆಗುತ್ತಿತ್ತು. ಆ ವಾರ ನಿಶ್ಚಿಂತೆ. ನನ್ನ ಮನೆ ನಡೆಯುತ್ತಿದ್ದದ್ದು ಡಿಟಿಪಿ ಅಂಗಡಿಯಿಂದ, ಪತ್ರಿಕೆಯಿಂದ ಅಲ್ಲ.

35 ಬಾಕ್ಸ್ ಹುಡುಕುವುದೇ ನಿಜವಾದ ಸಂಪಾದಕೀಯ ಕೆಲಸ ಅಂತ ನಾನು ಈಗಲೂ ಹೇಳುತ್ತೇನೆ. ಪಂಕ್ಚರ್ ಅಂಗಡಿ, ಟ್ಯೂಷನ್ ಮೇಷ್ಟ್ರು, ಶಾಮಿಯಾನದವರು, ನರ್ಸರಿ ಸಸಿ ಮಾರುವವರು. 150 ರೂಪಾಯಿ ಕೊಟ್ಟವರು ನಮ್ಮನ್ನು ಹೆದರಿಸಲಾರರು. ಒಬ್ಬರು ಬಿಟ್ಟು ಹೋದರೆ ಇನ್ನೂ 34 ಜನ ಇರುತ್ತಾರೆ. ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಯೊಬ್ಬರ ಕಡೆಯವರು ಮುಖಪುಟ ಪೂರ್ತಿ ಬೇಕು ಅಂತ ನೋಟಿನ ಕಟ್ಟು ತಂದು ಮೇಜಿನ ಮೇಲಿಟ್ಟರು. ಮೂರು ತಿಂಗಳ ಖರ್ಚು ಅದರಲ್ಲಿ ಕಳೆಯುತ್ತಿತ್ತು. ಗೋಡೆ ತೋರಿಸಿದೆ. "ಬರೆದವರೇ ಅಳಿಸಬಹುದಲ್ಲಕ್ಕಾ" ಅಂದರು. ಅಳಿಸಲಿಲ್ಲ.

ಆ ವಾರದಿಂದಲೇ ಹಿಂದಿನ ಪುಟದ ಕೆಳಗೆ 'ಲೆಕ್ಕ' ಅಂತ ಒಂದು ಪುಟ್ಟ ಬಾಕ್ಸ್ ಶುರು ಮಾಡಿದೆ. ಈ ಸಂಚಿಕೆಗೆ ಖರ್ಚು ಇಷ್ಟು, ಬಂದದ್ದು ಇಷ್ಟು, ಎಷ್ಟು ಜನರಿಂದ, ಜಾಸ್ತಿ ಕೊಟ್ಟವರು ಯಾರು, ಎಷ್ಟು. ವಾರ ವಾರವೂ. ಆಗಿನ ಕಾಯ್ದೆ ಪ್ರಕಾರ ಪತ್ರಿಕೆಯ ಒಡೆತನದ ವಿವರವನ್ನು ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಹಾಕಿದರೆ ಸಾಕಿತ್ತು. ಅದು ಯಾರೂ ಓದದ ಫಾರಂ. ಇದನ್ನು ಮಾತ್ರ ಓದಿದರು. ನಷ್ಟವಾದ ವಾರ ಮಂಡಿಯಲ್ಲಿ "ಏನಕ್ಕಾ, ಈ ವಾರ 900 ಕೈಯಿಂದ ಹೋಗ್ಬಿಟ್ಟೈತೆ?" ಅಂತ ಕೇಳುವವರು ಹುಟ್ಟಿಕೊಂಡರು. 'ಯಾವ ಪಾರ್ಟಿದು' ಅನ್ನುವ ಮಾತು ಒಂದು ವರ್ಷದಲ್ಲಿ ನಿಂತೇ ಹೋಯಿತು.

ಹಂಚುವುದರಲ್ಲಿ ಮೊದಲ ಎರಡು ತಿಂಗಳು ಸೋತೆ. ಪುಕ್ಕಟೆ ಪೇಪರ್ ಅಂದರೆ ಕೆಲವರಿಗೆ ರದ್ದಿ. ಬಸ್ ಸ್ಟ್ಯಾಂಡಿನಲ್ಲಿ ಇಟ್ಟ 200 ಪ್ರತಿ ಕಟ್ಟು ಬಿಚ್ಚದೆ ತೂಕಕ್ಕೆ ಹೋಯಿತು. ಬಜ್ಜಿ ಅಂಗಡಿಯಲ್ಲಿ ಆವತ್ತಿನ ಸಂಚಿಕೆಯಲ್ಲೇ ಬಜ್ಜಿ ಕಟ್ಟಿಕೊಟ್ಟಾಗ ಕಣ್ಣಲ್ಲಿ ನೀರು ಬಂತು. ಅಂಚೆಯಲ್ಲಿ ಪತ್ರಿಕೆಗಳ ರಿಯಾಯಿತಿ ದರವೂ ನಮಗಿಲ್ಲ. ನಿಜವಾದ ಚಂದಾದಾರರ ಪಟ್ಟಿ ಇರುವ ಪತ್ರಿಕೆಗೆ ಮಾತ್ರ ಅದು, ಪುಕ್ಕಟೆ ಪತ್ರಿಕೆಗೆ ಚಂದಾದಾರರು ಎಲ್ಲಿಂದ ಬರಬೇಕು?

ಆಗ ತಮ್ಮ ಒಂದು ನೋಟ್‌ಬುಕ್ ಮಾಡಿದ. ಒಂದೊಂದು ಜಾಗಕ್ಕೆ ಒಂದೊಂದು ಪುಟ: ಇಟ್ಟದ್ದು ಎಷ್ಟು, ಮುಂದಿನ ವಾರ ಹೋದಾಗ ಉಳಿದದ್ದು ಎಷ್ಟು. ಶುರುವಿನಲ್ಲಿ ಎಲ್ಲೂ 30ಕ್ಕಿಂತ ಹೆಚ್ಚು ಇಡುವುದಿಲ್ಲ. ಮೂರು ವಾರ ಪೂರ್ತಿ ಖಾಲಿಯಾದರೆ ಹತ್ತು ಹೆಚ್ಚು, ಹತ್ತಕ್ಕಿಂತ ಜಾಸ್ತಿ ಉಳಿದರೆ ಹತ್ತು ಕಮ್ಮಿ. ಇಷ್ಟೇ ನಿಯಮ. ಬಸ್ ಸ್ಟ್ಯಾಂಡ್ ಬಿಟ್ಟೆವು. ಕಟಿಂಗ್ ಶಾಪ್, ಟೀ ಅಂಗಡಿ, ತಾಲ್ಲೂಕು ಆಫೀಸ್ ಮುಂದೆ ಕೂತ ಟೈಪಿಸ್ಟ್‌ಗಳು, ನ್ಯಾಯಬೆಲೆ ಅಂಗಡಿ ಹಿಡಿದೆವು. ಕಾಯುತ್ತಾ ಕೂರುವ ಜಾಗದಲ್ಲಿ ಮಾತ್ರ ಪೇಪರ್ ಓದುತ್ತಾರೆ. ಹಳ್ಳಿಗಳಿಗೆ ಹಾಲಿನ ಲಾರಿ ಡ್ರೈವರ್ ಒಬ್ಬರು ಕ್ಯಾನ್ ಜೊತೆಗೆ ಕಟ್ಟು ಇಟ್ಟುಕೊಂಡು ಡೈರಿಯಿಂದ ಡೈರಿಗೆ ಇಳಿಸುತ್ತಿದ್ದರು. ಎಂಟು ವರ್ಷ ಮಾಡಿದರು. ಒಂದು ರೂಪಾಯಿ ತಗೊಳ್ಳಲಿಲ್ಲ.

ನಮ್ಮ ಕಡೆ ಮನೆಮಾತು ಎಷ್ಟೋ ಜನಕ್ಕೆ ತೆಲುಗು, ಉರ್ದು. ಕನ್ನಡ ಓದಲು ಕಲಿತದ್ದು ಶಾಲೆಯಲ್ಲಿ. ಅದಕ್ಕೇ ಸಣ್ಣ ವಾಕ್ಯ, ಸ್ವಲ್ಪ ದೊಡ್ಡ ಅಕ್ಷರ. ಟೀ ಅಂಗಡಿಯಲ್ಲಿ ಒಬ್ಬರು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಹೇಳುತ್ತಿದ್ದರು. ಅವರ ಬಾಯಲ್ಲಿ ತಡವರಿಸಿದ ವಾಕ್ಯವನ್ನು ನಾನು ಮುಂದಿನ ವಾರ ತಿದ್ದಿಕೊಳ್ಳುತ್ತಿದ್ದೆ.

ಒಂದು ತಪ್ಪು ಇನ್ನೂ ಚುಚ್ಚುತ್ತದೆ. ನುಡಿ ಫಾಂಟಿನಲ್ಲಿ ಪುಟ ಕಟ್ಟಿ ಫೈಲ್ ಕಳಿಸುತ್ತಿದ್ದೆ. ಪ್ರೆಸ್‌ನ ಕಂಪ್ಯೂಟರಿನಲ್ಲಿ ಫಾಂಟ್ ಬೇರೆಯದು ಕೂತು, ಪುಟದಲ್ಲಿದ್ದ ಅರ್ಕಾವತ್ತೆಲ್ಲ ಮಾಯವಾಯಿತು. ತೀರಿಕೊಂಡ ತಾಯಿಯ ವರ್ಷದ ನೆನಪಿಗೆ ಒಬ್ಬರು 150 ರೂಪಾಯಿ ಕೊಟ್ಟು ಹಾಕಿಸಿದ ಬಾಕ್ಸ್‌ನಲ್ಲಿ 'ಕೀರ್ತಿಶೇಷ' ಹೋಗಿ 'ಕೀತಿಶೇಷ' ಆಗಿತ್ತು. ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಫೋಟೊ ಪಕ್ಕದಲ್ಲಿ ಆ ಪೇಪರನ್ನು ಕತ್ತರಿಸಿ ಇಟ್ಟಿದ್ದರು, ಮೇಲೆ ಪೆನ್ನಿನಲ್ಲಿ ತಾವೇ ಅರ್ಕಾವತ್ತು ಬರೆದಿದ್ದರು. ಮುಂದಿನ ವಾರ ಸರಿಯಾಗಿ ಅಚ್ಚು ಮಾಡಿಸಿ ನಾನೇ ತಗೊಂಡು ಹೋಗಿ ಕೊಟ್ಟೆ. ಅಲ್ಲಿಂದಾಚೆಗೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾತ್ರ ಕಳಿಸಿದ್ದು. ಪ್ಲೇಟ್ ಹಾಕುವ ಮುಂಚೆ ಪ್ರಿಂಟ್ ತೆಗೆಸಿ 'ರ್' ಇರುವ ಪದಗಳನ್ನೆಲ್ಲ ಬೆರಳಿಟ್ಟು ನೋಡುತ್ತಿದ್ದೆ.

ನಮ್ಮ ಪತ್ರಿಕೆಗೆ ಹೆಸರು ತಂದದ್ದು ನನ್ನ ಬರವಣಿಗೆ ಅಲ್ಲ, 'ಈ ವಾರದ ಬೋರು' ಅನ್ನುವ ಪಟ್ಟಿ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆ ಬತ್ತಿದರೆ ಬೋರೇ ಗತಿ. ಬೋರ್ ಹಾಕಿಸಿ ಹಾಳಾದ ಮನೆ ಇಲ್ಲದ ಊರಿಲ್ಲ. ಆದರೆ ಎಲ್ಲಿ ಎಷ್ಟು ಅಡಿಗೆ ನೀರು ಬಂತು ಅನ್ನುವುದು ಬಾಯಿಮಾತು, ಅದರಲ್ಲೂ ಏಜೆಂಟರ ಬಾಯಿಮಾತು. ಡೈರಿಗೆ ಹಾಲು ಹಾಕಲು ಬರುವವರ ಹತ್ತಿರ ಕೇಳಿ ನಾವು ಬರೆದುಕೊಂಡೆವು: ಊರು, ತಾರೀಖು, ಎಷ್ಟು ಅಡಿ, ಎಷ್ಟಿಂಚು ನೀರು. ಮಾಲೀಕರು ಒಪ್ಪಿದರೆ ಮಾತ್ರ ಸರ್ವೆ ನಂಬರ್. 2010ರಲ್ಲಿ ಮೊದಲ ಪಟ್ಟಿ ಬಂದಾಗ ಏಳು ಸಾಲು. ಐದರಲ್ಲಿ ಕೊನೆಯ ಪದ ಒಂದೇ: ಧೂಳು.

ಜನ ಪೇಪರ್ ತೆಗೆದ ತಕ್ಷಣ ಹಿಂದಿನ ಪುಟಕ್ಕೆ ತಿರುಗಿಸುವುದನ್ನು ಆಮೇಲೆ ನೋಡಿದೆ. ಪಕ್ಕದ ಹೊಲದಲ್ಲಿ 1,200 ಅಡಿಗೂ ಧೂಳು ಬಂದಿದೆ ಅಂತ ಅಚ್ಚಿನಲ್ಲಿ ಕಂಡರೆ, ಸಾಲ ಮಾಡಲು ಹೊರಟವರು ಒಂದು ನಿಮಿಷ ನಿಲ್ಲುತ್ತಾರೆ. ಬೋರ್‌ವೆಲ್ ಏಜೆಂಟರೊಬ್ಬರು ನಮಗೆ ವಾರ ವಾರ ಕಾಲು ಪುಟ ಕೊಡುತ್ತಿದ್ದರು. ಪಟ್ಟಿ ನಿಲ್ಲಿಸಿ, ಇಲ್ಲಾ ಧೂಳು ಬಂದದ್ದನ್ನು ಬಿಟ್ಟು ನೀರು ಬಂದದ್ದನ್ನು ಮಾತ್ರ ಹಾಕಿ ಅಂದರು. ಆಗಲ್ಲ ಅಂದೆ. ವಾರಕ್ಕೆ 1,200 ಹೋಯಿತು. ಆ ವಾರದ 'ಲೆಕ್ಕ'ದಲ್ಲಿ ಒಂದು ಕಾಲು ಪುಟ ಕಮ್ಮಿಯಾಗಿದೆ ಅಂತಷ್ಟೇ ಹಾಕಿದ್ದೆ. ಕಾರಣ ಬರೆದಿರಲಿಲ್ಲ. ಹೇಗೋ ಗೊತ್ತಾಗಿ ಮುಂದಿನ ವಾರ ಹೊಸದಾಗಿ ಹನ್ನೊಂದು ಬಾಕ್ಸ್ ಬಂದವು. ಒಂದರಲ್ಲಿ ಜಾಹೀರಾತೇ ಇಲ್ಲ, "ಪಟ್ಟಿ ನಿಲ್ಲಿಸಬೇಡಿ" ಅಂತ ಇತ್ತು. ಜಾಹೀರಾತು ದುಡ್ಡಿನಲ್ಲೂ ಓದುಗರ ಪತ್ರಿಕೆ ನಡೆಸಬಹುದು ಅಂತ ಆವತ್ತು ನನಗೆ ನಂಬಿಕೆ ಬಂತು. ಮಂಗಳೂರಿನ ಆ ಹಿರಿಯರಿಗೆ ಆ ಸಂಚಿಕೆಯನ್ನು ಪೋಸ್ಟ್ ಮಾಡಿದೆ, ಪೂರ್ತಿ ಸ್ಟ್ಯಾಂಪ್ ಹಚ್ಚಿ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೆಸಿ ವ್ಯಾಲಿ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಟ್ಟದ್ದು. ತುಂಬಿದ ಕೆರೆ ನೋಡಿ ಜನ ಕೈಮುಗಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಹೋರಾಟಗಾರರು, ಮೊದಲು ನೀರು ಬರಲಿ ಅಂತ ಒಣಗಿದ ಹೊಲದವರು. ಎರಡೂ ಕಡೆಯವರು ನಮ್ಮ ಓದುಗರೇ. ನಾನು ನಮ್ಮ ಪಟ್ಟಿಯನ್ನೇ ಹಿಡಿದುಕೊಂಡೆ. ಕೆರೆ ತುಂಬಿದ ಊರು, ತುಂಬದ ಊರು ಅಂತ ಎರಡು ಭಾಗ ಮಾಡಿದೆ. 2019ರ ಹೊತ್ತಿಗೆ ತುಂಬಿದ ಕಡೆ 600, 700 ಅಡಿಯ ಸಾಲುಗಳು ಮತ್ತೆ ಕಾಣಿಸತೊಡಗಿದವು. ಅದರ ಕೆಳಗೇ, ಈ ನೀರು ಕುಡಿಯಲು ಅಲ್ಲ ಅಂತ ಪ್ರತಿ ವಾರ ದಪ್ಪಕ್ಷರದಲ್ಲಿ ಹಾಕುತ್ತಿದ್ದೆ.

ನಿಂತದ್ದರ ಕಥೆ ಉದ್ದವಿಲ್ಲ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ 150 ರೂಪಾಯಿ ಕೊಡುವವರ ಕೈಯಲ್ಲೇ ದುಡ್ಡಿರಲಿಲ್ಲ. ಆಗ ಹೋದ ಬಾಕ್ಸ್‌ಗಳಲ್ಲಿ ಅರ್ಧ ವಾಪಸ್ ಬರಲಿಲ್ಲ, ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಜಾಹೀರಾತು ಪುಕ್ಕಟೆ ಆಗಿತ್ತು. ನ್ಯೂಯಾರ್ಕಿನಲ್ಲಿ 1955ರಲ್ಲಿ ಹುಟ್ಟಿ 1996ರಿಂದ ಪುಕ್ಕಟೆ ಹಂಚಿದ 'ವಿಲೇಜ್ ವಾಯ್ಸ್' ವಾರಪತ್ರಿಕೆಯೇ 2017ರಲ್ಲಿ ಮುದ್ರಣ ನಿಲ್ಲಿಸಿತು ಅಂತ ಓದಿದಾಗ, ಅಷ್ಟು ದೂರದ ಊರಿನವರ ನೋವು ಪಕ್ಕದ ಮನೆಯದ್ದು ಅನಿಸಿತು. 2019ರ ಜುಲೈನಲ್ಲಿ ನ್ಯೂಸ್‌ಪ್ರಿಂಟ್ ಆಮದಿನ ಮೇಲೆ ಶೇ 10 ಸುಂಕ ಬಂತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಕಟಿಂಗ್ ಶಾಪ್ ಇಲ್ಲ, ಟೀ ಅಂಗಡಿ ಇಲ್ಲ, ಕಾಯುತ್ತಾ ಕೂರುವ ಜಾಗವೇ ಇಲ್ಲ. ಕೊನೆಯ ಸಂಚಿಕೆ ಕಟ್ಟು ಬಿಚ್ಚದೆ ನನ್ನ ಅಂಗಡಿಯಲ್ಲೇ ಉಳಿಯಿತು.

ಹನ್ನೆರಡು ವರ್ಷದ ಸಂಚಿಕೆಗಳನ್ನು ವರ್ಷಕ್ಕೊಂದರಂತೆ ಬೈಂಡ್ ಮಾಡಿಸಿ ಅಂಗಡಿಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಹೋದ ತಿಂಗಳು ವೇಮಗಲ್ ಕಡೆಯ ಒಬ್ಬ ಹುಡುಗ ಜೆರಾಕ್ಸ್ ಮಾಡಿಸಲು ಬಂದವನು ಅದನ್ನು ನೋಡಿ, "ಬೋರಿನ ಪಟ್ಟಿ ಬರ್ತಿದ್ದ ಪೇಪರ್ ಇದೇನಾ ಅಕ್ಕ?" ಅಂದ. 2012ರದ್ದು ಇಳಿಸಿಕೊಟ್ಟೆ. ಜೂನ್‌ನ ಒಂದು ಸಾಲಿನ ಮೇಲೆ ಬೆರಳಿಟ್ಟ. 1,180 ಅಡಿ, ಧೂಳು. ಅವರಪ್ಪ ಹಾಕಿಸಿದ ಬೋರು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಪಕ್ಕದ ಹೊಲದವರದ್ದೂ ಇದ್ದರೆ ನೋಡಬೇಕು, ಈ ಸಲ ಹಾಕಿಸೋದಾ ಬೇಡವಾ ಅಂತ ಮನೆಯಲ್ಲಿ ಮಾತು ನಡೀತಿದೆ ಅಂದ. 2019ರ ಬೈಂಡನ್ನೂ ಇಳಿಸಿ ಅವನ ಮುಂದಿಟ್ಟು, ಸ್ಟೂಲ್ ಎಳೆದುಕೊಟ್ಟೆ.