ಗಾಳಿ ಬೀಸುವಾಗಲೇ ಥಂಡಿಗೆ ತಯಾರಿ: ಹವಾಮಾನ ವರದಿ ಓದುವುದು ಹೇಗೆ?

ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್ ಬಂತೆಂದರೆ ಮೊಬೈಲಿಗೆ ಒಂದೇ ಥರದ ಸುದ್ದಿ ಬರುತ್ತದೆ: ಎರಡು ದಿನ ಜೋರು ಗಾಳಿ, ಆಮೇಲೆ ಚಳಿ ಹೆಚ್ಚಳ. ಓದಿ ಸುಮ್ನೆ ಪಕ್ಕಕ್ಕಿಡುವವರೇ ಜಾಸ್ತಿ. ಆದರೆ ಆ ಒಂದು ಸಾಲಿನಲ್ಲಿ ಎರಡು ಬೇರೆ ಕೆಲಸಗಳಿವೆ. ಗಾಳಿಗೆ ಮಾಡುವ ತಯಾರಿ ಬೇರೆ, ಥಂಡಿಗೆ ಮಾಡುವ ತಯಾರಿ ಬೇರೆ. ಒಂದರ ಹೊತ್ತಿನಲ್ಲಿ ಇನ್ನೊಂದು ಮಾಡಿದರೆ ಬೆಳೆಗೇ ಪೆಟ್ಟು.

ಮೊದಲು ಸರಿಯಾದ ವರದಿ ತೆಗೆಯಿರಿ

ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಕೆಂಪು ನಕ್ಷೆಗಳನ್ನು ಬಿಟ್ಟುಬಿಡಿ. ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರ ದಿನಾಲೂ ವರದಿ ಕೊಡುತ್ತದೆ. ಇಲಾಖೆ ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿಕೊಂಡಿದೆ. ನಿಮ್ಮ ಜಿಲ್ಲೆ ಯಾವುದರಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಬಳ್ಳಾರಿಯವರು ಉತ್ತರ ಒಳನಾಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಇಲಾಖೆಯ ಲೆಕ್ಕದಲ್ಲಿ ಅದು ದಕ್ಷಿಣ ಒಳನಾಡು.

ಪ್ರತಿ ಗುರುವಾರ ಬರುವ ವರದಿ ಮುಂದಿನ ಕೆಲವು ವಾರಗಳ ಒಲವನ್ನಷ್ಟೇ ಹೇಳುತ್ತದೆ: ಚಳಿ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದು. ಕೆಲಸ ಹಂಚಿಕೊಳ್ಳಲು ದಿನದ ವರದಿಯೇ ಬೇಕು, ಅದರಲ್ಲೂ ಮೊದಲ ಮೂರ್ನಾಲ್ಕು ದಿನದ್ದು. ಇಪ್ಪತ್ತು ದಿನ ಮುಂಚೆಯೇ ಇಂಥ ದಿನ ಇಷ್ಟೇ ಡಿಗ್ರಿ ಎಂದು ತೋರಿಸುವ ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ. ರೈತರಿಗೆ 'ಮೇಘದೂತ್' ಆ್ಯಪ್ ಇದೆ. ಅದರಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಬೆಳೆ ಸಲಹೆ ಬರುತ್ತದೆ.

ಇಲಾಖೆಯ ಎಚ್ಚರಿಕೆಯಲ್ಲಿ ಹಳದಿ ಬಣ್ಣ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ತಯಾರಾಗಿ. ಕೆಂಪು ಎಂದರೆ ಈಗಲೇ ಕೆಲಸಕ್ಕಿಳಿಯಿರಿ.

ಡಿಗ್ರಿಯ ಲೆಕ್ಕ

'ಶೀತ ಅಲೆ' ಎಂದು ಪೇಪರ್‌ನಲ್ಲಿ ಓದುತ್ತೀರಲ್ಲ, ಅದಕ್ಕೊಂದು ಅಳತೆ ಇದೆ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಜತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆ ಇರಬೇಕು. ವಾಡಿಕೆಗಿಂತ 6.4 ಡಿಗ್ರಿಗೂ ಹೆಚ್ಚು ಇಳಿದರೆ ತೀವ್ರ ಶೀತ ಅಲೆ. ತಾಪಮಾನ 4 ಡಿಗ್ರಿಗೇ ಬಂದರೆ ವಾಡಿಕೆ ನೋಡುವುದಿಲ್ಲ, ನೇರ ಶೀತ ಅಲೆಯೇ.

ನಿಮ್ಮೂರಲ್ಲಿ ಈ ದಿನಗಳ ವಾಡಿಕೆ 15 ಡಿಗ್ರಿ ಎಂದುಕೊಳ್ಳಿ. ಬೆಳಿಗ್ಗೆ 11 ಇದ್ದರೆ ನಡುಗಿದರೂ ಅದು ಶೀತ ಅಲೆ ಅಲ್ಲ. 10ಕ್ಕೆ ಬಂದರೆ ಹೌದು. 8.5 ಆದರೆ ತೀವ್ರ. ಅಂದರೆ ಎಚ್ಚರಿಕೆ ಬರಲಿಲ್ಲ ಎಂದ ಮಾತ್ರಕ್ಕೆ ಚಳಿ ಇಲ್ಲ ಎಂದಲ್ಲ. ಹಸುಗೂಸಿಗೆ, ಈದ ಆಡಿನ ಮರಿಗೆ ಈ ಅರ್ಧ ಡಿಗ್ರಿಯ ಲೆಕ್ಕ ಗೊತ್ತಿರುವುದಿಲ್ಲ.

ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ಹಾಗಾಗಿ ದಿನದ ಎಚ್ಚರಿಕೆಯ ಪಕ್ಕದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರುವುದನ್ನೂ ಓದಿ.

ಗಾಳಿ ಮತ್ತು ಮೋಡವನ್ನು ಜೊತೆಗಿಟ್ಟು ಓದಿ

ನಮ್ಮ ಕಡೆ ಚಳಿ ಎರಡು ಥರ ಬರುತ್ತದೆ. ಒಂದು ಬಂಗಾಳಕೊಲ್ಲಿಯ ಚಳಿ. ಅಲ್ಲಿ ವಾಯುಭಾರ ಕುಸಿದರೆ ಮೂಡಣ ಗಾಳಿ ಜೋರಾಗುತ್ತದೆ, ಮೋಡ ಕವಿಯುತ್ತದೆ, ಹಗಲೆಲ್ಲ ಬಿಸಿಲಿಲ್ಲ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ತಮಿಳುನಾಡಿನ ಮಹಾಬಲಿಪುರದ ಹತ್ತಿರ ದಡ ಮುಟ್ಟಿದಾಗ ಬೆಂಗಳೂರಿನವರು ಮಧ್ಯಾಹ್ನವೂ ಸ್ವೆಟರ್ ಬಿಚ್ಚಲಿಲ್ಲ. ಆದರೆ ಈ ಚಳಿಯಲ್ಲಿ ರಾತ್ರಿ ಅಷ್ಟೇನೂ ಇಳಿಯುವುದಿಲ್ಲ. ಮೋಡ ಎಂದರೆ ನೆಲಕ್ಕೆ ಹೊದಿಸಿದ ಕೌದಿ ಇದ್ದ ಹಾಗೆ.

ಇನ್ನೊಂದು ಉತ್ತರದ ಚಳಿ. ಉತ್ತರ ಭಾರತದಲ್ಲಿ ಪಶ್ಚಿಮದಿಂದ ಬರುವ ಮಳೆ-ಹಿಮದ ವ್ಯವಸ್ಥೆಗಳು (ವೆಸ್ಟರ್ನ್ ಡಿಸ್ಟರ್ಬೆನ್ಸ್) ಹಾದುಹೋದ ಮೇಲೆ ಒಣ ಗಾಳಿ ಕೆಳಗಿಳಿದು ದಖ್ಖನ್‌ವರೆಗೂ ಬರುತ್ತದೆ. ಆಕಾಶ ತೊಳೆದಿಟ್ಟಂತೆ ನೀಲಿ, ಹಗಲು ಹಿತವಾದ ಬಿಸಿಲು. ಮೋಸ ಹೋಗುವುದು ಇಲ್ಲೇ. ನೆಲ ಹಗಲು ಕುಡಿದ ಬಿಸಿಯನ್ನು ರಾತ್ರಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆ ಗಾಳಿ ಕೆಳಗಿನ ತಣ್ಣನೆ ಗಾಳಿಯ ಜೊತೆ ಕಲೆಯುತ್ತಲೇ ಇರುತ್ತದೆ. ಗಾಳಿ ನಿಂತರೆ ತಣ್ಣನೆಯದು ನೆಲಕ್ಕೇ ಅಂಟಿ ಕೂರುತ್ತದೆ.

ಹಾಗಾಗಿ ವರದಿಯಲ್ಲಿ ಹುಡುಕಬೇಕಾದ್ದು ಗಾಳಿ ಜೋರಾಗಿರುವ ದಿನವನ್ನಲ್ಲ, ಗಾಳಿ ನಿಂತು ಮೋಡವೂ ಚದುರುವ ಮೊದಲ ರಾತ್ರಿಯನ್ನು. ಗಾಳಿಯಲ್ಲಿ ಮೈಗೆ ಚಳಿ ಜಾಸ್ತಿ ಅನ್ನಿಸುತ್ತದೆ ನಿಜ, ಮೈ ಸುತ್ತಲಿನ ಬಿಸಿಯನ್ನು ಅದು ಎಳೆದೊಯ್ಯುತ್ತದೆ. ಬೆಳೆಗೆ ಮಾತ್ರ ನಿಂತ ಗಾಳಿಯೇ ಕಷ್ಟ.

ಗಾಳಿ ಬರುವ ಮುಂಚೆ

ವರದಿಯಲ್ಲಿ 'ಗಂಟೆಗೆ 30–40 ಕಿ.ಮೀ.' ಎಂದು ಕಂಡರೆ ತಗಡಿನ ಚಾವಣಿಯ ಬೋಲ್ಟ್ ನೋಡಿ. ಬರೀ ಕಲ್ಲು ಹೇರಿಟ್ಟ ತಗಡನ್ನು ನಂಬಬೇಡಿ, ತಗಡು ಎದ್ದರೆ ಕಲ್ಲೇ ತಲೆಗೆ ಬೀಳುವುದು. ಬಣವೆಯ ತುದಿಗೆ ಹಗ್ಗ ಸುತ್ತಿ. ರಸ್ತೆ ಬದಿಯ ಫ್ಲೆಕ್ಸ್ ಕೆಳಗೆ ಗಾಡಿ ನಿಲ್ಲಿಸಬೇಡಿ.

ಕಬ್ಬು ನಿಂತಿದ್ದರೆ ಮೇಲೆ ಹಾದುಹೋದ ವಿದ್ಯುತ್ ತಂತಿ ಜೋತುಬಿದ್ದಿದೆಯಾ ನೋಡಿ, ಇದ್ದರೆ ಲೈನ್‌ಮನ್‌ಗೆ ಮೊದಲೇ ಹೇಳಿ. ಎರಡು ತಂತಿ ತಾಕಿ ಕಿಡಿ ಬಿದ್ದರೆ ಒಣಗಿದ ರವದಿ (ಕಬ್ಬಿನ ಗರಿ) ಹಿಡಿದುಕೊಳ್ಳಲು ಹೊತ್ತೇ ಬೇಡ. ಆ ದಿನಗಳಲ್ಲಿ ರವದಿಗೆ ಬೆಂಕಿ ಹಚ್ಚುವ ಮಾತಂತೂ ಬೇಡವೇ ಬೇಡ.

ಬಿಳಿಜೋಳಕ್ಕೆ ಈಗ ನೀರು ಬಿಡಬೇಡಿ. ಹಸಿ ನೆಲದಲ್ಲಿ ಬೇರಿನ ಹಿಡಿತ ಸಡಿಲ, ತೆನೆ ಭಾರ ಇದ್ದರೆ ಒಂದೇ ಬೀಸಿಗೆ ದಂಟು ಮಲಗುತ್ತದೆ. ದ್ರಾಕ್ಷಿಯವರು ಚಪ್ಪರದ ತಂತಿ, ಕಂಬ ಬಿಗಿ ಮಾಡಿಕೊಳ್ಳಿ. ಜೋರು ಗಾಳಿಯಲ್ಲಿ ಔಷಧಿ ಹೊಡೆಯಬೇಡಿ, ಅದು ಗಿಡಕ್ಕಿಂತ ನಿಮ್ಮ ಮೈಮೇಲೇ ಜಾಸ್ತಿ ಬೀಳುತ್ತದೆ.

ಗಾಳಿ ನಿಂತ ಮೇಲೆ

ಈಗ ನೀರು ಬಿಡಿ. ನೀರಾವರಿ ಇರುವವರು ಸಂಜೆ ತೆಳ್ಳಗೆ ಹಾಯಿಸಿದರೆ ಸಾಕು. ಹಸಿ ನೆಲ ಒಣ ನೆಲಕ್ಕಿಂತ ಹೆಚ್ಚು ಬಿಸಿ ಹಿಡಿದಿಟ್ಟು ರಾತ್ರಿ ನಿಧಾನ ಬಿಡುತ್ತದೆ. ತರಕಾರಿ ಸಸಿಮಡಿಗೆ ಸಂಜೆ ಹುಲ್ಲು ಅಥವಾ ಹಳೆ ಚೀಲ ಹೊದಿಸಿ, ಬಿಸಿಲು ಏರಿದ ಮೇಲೆ ತೆಗೆಯಿರಿ.

ದನದ ಕೊಟ್ಟಿಗೆಯ ಗಾಳಿ ಬರುವ ಮಗ್ಗುಲಿಗೆ ಗೋಣಿ ಪರದೆ ಕಟ್ಟಿ. ಎಲ್ಲ ಕಡೆ ಮುಚ್ಚಬೇಡಿ, ಗಂಜಳದ ಘಾಟು ಒಳಗೇ ನಿಂತರೆ ಕರುಗಳಿಗೆ ಕೆಮ್ಮು ಬರುತ್ತದೆ. ಹೊದಿಕೆಗಿಂತ ಮುಖ್ಯ, ಕೆಳಗಿನ ಹಾಸು ಒಣಗಿರಬೇಕು.

ಮನೆಯೊಳಗೆ ನನಗೆ ಭಯ ಇರುವುದು ಕೆಂಡದ ಬಗ್ಗೆ. ಬಾಗಿಲು ಕಿಟಕಿ ಹಾಕಿ ಬುಟ್ಟಿಯಲ್ಲಿ ಇದ್ದಿಲು ಕೆಂಡ ಇಟ್ಟು ಮಲಗುವುದು ಇನ್ನೂ ನಿಂತಿಲ್ಲ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿದರೂ ಇದೇ ಅಪಾಯ. ಕೆಂಡಕ್ಕೆ ಮೈ ಕಾಯಿಸುವುದಿದ್ದರೆ ಅಂಗಳದಲ್ಲಿ ಕಾಯಿಸಿ, ಆರಿಸಿ, ಆಮೇಲೆ ಒಳಗೆ ಬಂದು ಕೌದಿ ಹೊದೆಯಿರಿ. ಬಿಪಿ, ಹೃದಯದ ತೊಂದರೆ ಇರುವ ಅಜ್ಜ ಅಜ್ಜಿಯರ ವಾಕಿಂಗ್ ಬಿಸಿಲು ಬಿದ್ದ ಮೇಲಿರಲಿ.

ಎಳ್ಳಮಾವಾಸ್ಯೆ ಬರುವುದೂ ಈ ದಿನಗಳಲ್ಲೇ ಅಲ್ವಾ. ಚರಗ ಚೆಲ್ಲಲು (ಹೊಲಕ್ಕೆ ನೈವೇದ್ಯ ಎರಚಲು) ನಸುಕಿಗೇ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವರು ಕಿವಿ, ಎದೆ ಮುಚ್ಚಿ ಕರೆದೊಯ್ಯಿರಿ. ಸಜ್ಜೆ ರೊಟ್ಟಿ ಒಂದು ಗಂಟೆ ತಡವಾದರೆ ಹೊಲವೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಹೊಲದ್ದೇ ಲೆಕ್ಕ ಇಟ್ಟುಕೊಳ್ಳಿ

ಇಲಾಖೆಯ ಥರ್ಮಾಮೀಟರ್ ಇರುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದ ಪೆಟ್ಟಿಗೆಯಲ್ಲಿ. ನಿಮ್ಮ ಕಡಲೆ ಗಿಡ ಇರುವುದು ನೆಲದ ಹತ್ತಿರ. ಗಾಳಿ ಇಲ್ಲದ ರಾತ್ರಿ ಅಲ್ಲಿ ಇನ್ನೂ ಕೆಲವು ಡಿಗ್ರಿ ಕಡಿಮೆ ಇರುತ್ತದೆ. ಹಳ್ಳದ ದಂಡೆಯ ಹೊಲದಲ್ಲಿ ಮತ್ತೂ ಕಡಿಮೆ, ಯಾಕೆಂದರೆ ತಣ್ಣನೆ ಗಾಳಿ ನೀರಿನಂತೆಯೇ ತಗ್ಗಿಗೆ ಹರಿಯುತ್ತದೆ. ಒಂದು ಸಾದಾ ಥರ್ಮಾಮೀಟರ್ ತಂದು ಬೆಳೆಯ ಎತ್ತರಕ್ಕೆ ಕಟ್ಟಿ, ಸೂರ್ಯ ಹುಟ್ಟುವ ಹೊತ್ತಿಗೆ ನೋಡಿ ಬರೆದಿಡಿ. ಆಮೇಲೆ ಇಲಾಖೆ ಕೊಟ್ಟ ಅಂಕಿಯ ಪಕ್ಕದಲ್ಲಿಟ್ಟು ಕಳೆಯಿರಿ. ಒಂದು ವಾರ ಹೀಗೆ ಮಾಡಿದರೆ ವರದಿ 11 ಎಂದಾಗ ನಿಮ್ಮ ಹೊಲಕ್ಕೆ ಅದು ಎಷ್ಟು ಎಂಬ ಅಂದಾಜು ಸಿಗುತ್ತದೆ. ಸಂಜೆ ಮೋಟರ್ ಹಾಕಬೇಕೋ ಬೇಡವೋ ಎನ್ನುವುದನ್ನು ಆ ಅಂಕಿ ನೋಡಿ ತೀರ್ಮಾನಿಸಿ.