ಶಾಲೆಯ ಕಾರ್ಬನ್ ಲೆಕ್ಕ: ಮೀಟರ್, ಸಿಲಿಂಡರ್, ಸ್ಕೂಟರ್

ಪರಿಸರ ದಿನ ಬಂತೆಂದರೆ ಶಾಲೆಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಂದು, ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು. ಇನ್ನೊಂದು, ಲೈಟ್ ಆರಿಸಿ ಎಂಬ ಚಾರ್ಟ್ ಅಂಟಿಸುವುದು. ಎರಡೂ ಒಳ್ಳೆಯದೇ. ಆದರೆ ನಿಮ್ಮ ಶಾಲೆಯ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಡುವುದು ಎಲ್ಲಿಂದ? ಕೂತು ಲೆಕ್ಕ ಹಾಕಿದರೆ ಲೈಟಿನ ಪಾಲು ಸಣ್ಣದಾಗಿಯೇ ಕಾಣುತ್ತದೆ. ಬಿಸಿಯೂಟ ಬೇಯಿಸುವ ಶಾಲೆಯಲ್ಲಿ ಗ್ಯಾಸ್, ಬಸ್ ಓಡಿಸುವ ಶಾಲೆಯಲ್ಲಿ ಡೀಸೆಲ್ ಮುಂದೆ ಬಂದು ನಿಲ್ಲುವ ಸಾಧ್ಯತೆ ಹೆಚ್ಚು. ಅದಕ್ಕೇ ಮೊದಲು ಅಳತೆ, ಆಮೇಲೆ ಚಾರ್ಟ್.

ಇದಕ್ಕೆ ಏಳನೇ ಕ್ಲಾಸಿನ ಗಣಿತ ಸಾಕು. ಮೇಷ್ಟ್ರೊಬ್ಬರು, ಇಕೋ ಕ್ಲಬ್ಬಿನ ನಾಲ್ಕಾರು ಮಕ್ಕಳು ಇದ್ದರೆ ಆಯಿತು.

ಹಂತ 1: ಬಿಲ್ಲು, ರಿಜಿಸ್ಟರ್ ಕೂಡಿಹಾಕಿ

ಹೋದ ಶಾಲಾ ವರ್ಷದ ಕರೆಂಟ್ ಬಿಲ್ಲುಗಳನ್ನು ತೆಗೆದಿಡಿ. ರೂಪಾಯಿ ಬೇಡ, ಯೂನಿಟ್ ಬೇಕು. ಬಿಲ್ ಸರ್ಕಾರವೇ ಕಟ್ಟುತ್ತದಲ್ಲ ಎಂದು ಬಿಡಬೇಡಿ, ಮೀಟರ್ ಅಂತೂ ಓಡುತ್ತಲೇ ಇರುತ್ತದೆ. ಬಿಲ್ ಕಳೆದಿದ್ದರೆ ಆರ್.ಆರ್. ನಂಬರ್ (ನಿಮ್ಮ ಕರೆಂಟ್ ಸಂಪರ್ಕದ ಸಂಖ್ಯೆ) ಹಿಡಿದುಕೊಂಡು ಕರೆಂಟ್ ಕಂಪನಿಯ (ಎಸ್ಕಾಂ) ಕಚೇರಿಯಲ್ಲಿ ಕೇಳಿ. ಬಿಸಿಯೂಟದ ರಿಜಿಸ್ಟರ್ ನೋಡಿ ವರ್ಷಕ್ಕೆ ಎಷ್ಟು ಸಿಲಿಂಡರ್ ಖರ್ಚಾಯಿತು ಎಂದು ಬರೆದುಕೊಳ್ಳಿ. ಶಾಲೆಯ ಬಸ್ಸು, ಜನರೇಟರ್ ಇದ್ದರೆ ಡೀಸೆಲ್ ಲೀಟರ್‌ನಲ್ಲಿ.

ಹಂತ 2: ಗುಣಿಸಿ

ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ ಎಂದು ತಿಳಿಯಲು ಈ ಅಂದಾಜು ಅಂಕಿಗಳಿಂದ ಗುಣಿಸಿದರೆ ಸಾಕು:

ಕರೆಂಟ್, ಒಂದು ಯೂನಿಟ್‌ಗೆ 0.7 ಕೆ.ಜಿ.
14.2 ಕೆ.ಜಿ. ಗ್ಯಾಸ್ ಸಿಲಿಂಡರ್ ಒಂದಕ್ಕೆ 42 ಕೆ.ಜಿ.
ಡೀಸೆಲ್, ಲೀಟರ್‌ಗೆ 2.7 ಕೆ.ಜಿ.
ಪೆಟ್ರೋಲ್, ಲೀಟರ್‌ಗೆ 2.3 ಕೆ.ಜಿ.

ಇಲ್ಲಿ ಮಕ್ಕಳು ಕೈ ಎತ್ತದೆ ಬಿಡುವುದಿಲ್ಲ. ‘ಸರ್, 14 ಕೆ.ಜಿ. ಗ್ಯಾಸಿನಿಂದ 42 ಕೆ.ಜಿ. ಹೇಗೆ ಬರುತ್ತೆ?’ ಗ್ಯಾಸ್ ಉರಿಯುವಾಗ ಅದರೊಳಗಿನ ಕಾರ್ಬನ್ ಗಾಳಿಯ ಆಕ್ಸಿಜನ್ ಜೊತೆ ಸೇರುತ್ತದೆ. ಒಂದು ಕಾರ್ಬನ್‌ಗೆ ಎರಡು ಆಕ್ಸಿಜನ್. ಹೆಚ್ಚಿದ ತೂಕ ಗಾಳಿಯಿಂದ ಬಂದದ್ದು.

ಇನ್ನೊಂದು ಪ್ರಶ್ನೆ ಸಾಗರ, ಹೊಸನಗರದ ಕಡೆ ಖಂಡಿತ ಬರುತ್ತದೆ. ‘ನಮ್ಮ ಕರೆಂಟ್ ಶರಾವತಿಯದ್ದು. ನೀರಿನಿಂದ ಬಂದದ್ದಕ್ಕೆ ಕಾರ್ಬನ್ ಎಲ್ಲಿಂದ?’ ಒಳ್ಳೆಯ ಪ್ರಶ್ನೆ. 2013ರ ಕೊನೆಯಲ್ಲಿ ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ದೇಶದ ಗ್ರಿಡ್‌ಗೆ ಸೇರಿತು. ಶರಾವತಿಯ ನೀರು, ಪಾವಗಡದ ಬಿಸಿಲು, ರಾಯಚೂರಿನ ಕಲ್ಲಿದ್ದಲು ಎಲ್ಲದರ ಕರೆಂಟೂ ಒಂದೇ ಜಾಲಕ್ಕೆ ಹೋಗುತ್ತದೆ. ನಿಮ್ಮ ಫ್ಯಾನಿಗೆ ಬಂದದ್ದು ಯಾವುದು ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ. ಹಾಗಾಗಿ ಇಡೀ ದೇಶದ ಸರಾಸರಿ ಹಿಡಿಯುತ್ತೇವೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ.

ಈಗ 200 ಮಕ್ಕಳ ಒಂದು ಶಾಲೆ ಎಂದುಕೊಳ್ಳಿ. ತಿಂಗಳಿಗೆ 120 ಯೂನಿಟ್ ಕರೆಂಟ್, 6 ಸಿಲಿಂಡರ್. ಹತ್ತು ತಿಂಗಳಿಗೆ ಕರೆಂಟಿನದು 840 ಕೆ.ಜಿ., ಗ್ಯಾಸಿನದು 2,520 ಕೆ.ಜಿ. ಮೂರು ಪಟ್ಟು! ಅದೇ ಎರಡು ಬಸ್ ಇರುವ ಶಾಲೆ, ಬಸ್ಸೊಂದಕ್ಕೆ ದಿನಕ್ಕೆ 15 ಲೀಟರ್ ಡೀಸೆಲ್, 220 ದಿನ ಎಂದರೆ ಹತ್ತಿರ ಹತ್ತಿರ 18 ಟನ್. ಅಲ್ಲಿ ಲೈಟಿನ ಲೆಕ್ಕ ಕಣ್ಣಿಗೂ ಬೀಳುವುದಿಲ್ಲ.

ಹಂತ 3: ಮಕ್ಕಳು ಹೇಗೆ ಬಂದರು ಎಂದು ಕೇಳಿ

ಒಂದು ದಿನ ಹಾಜರಿ ಕರೆಯುವಾಗಲೇ ಮುಗಿಯುವ ಕೆಲಸ. ನಡೆದು, ಸೈಕಲ್, ಸರ್ಕಾರಿ ಬಸ್, ವ್ಯಾನ್, ಸ್ಕೂಟರ್ ಅಂತ ಕೈ ಎತ್ತಿಸಿ, ದೂರ ಬರೆದುಕೊಳ್ಳಿ. ಇದು ಶಾಲೆಯೇ ಸುಡುವ ಇಂಧನ ಅಲ್ಲ, ಹಾಗಾಗಿ ಬೇರೆ ಕಾಲಂನಲ್ಲಿ ಇಡಿ.

ಸ್ಕೂಟರ್ ಲೆಕ್ಕದಲ್ಲಿ ಒಂದು ಮಾತು ಮರೆತುಹೋಗುತ್ತದೆ. ಮೂರು ಕಿಲೋಮೀಟರ್ ದೂರದ ಮಗುವನ್ನು ಅಪ್ಪ ಬಿಟ್ಟು ವಾಪಸ್ ಮನೆಗೆ ಹೋಗುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ಅಂದರೆ ದಿನಕ್ಕೆ ಆರಲ್ಲ, ಹನ್ನೆರಡು ಕಿಲೋಮೀಟರ್. ಲೀಟರ್‌ಗೆ 48 ಕಿಲೋಮೀಟರ್ ಕೊಡುವ ಗಾಡಿಯಾದರೆ ಕಾಲು ಲೀಟರ್ ಪೆಟ್ರೋಲ್. 220 ದಿನಕ್ಕೆ ಸುಮಾರು 126 ಕೆ.ಜಿ. ಅಂದರೆ ಒಂದೇ ಮಗುವಿಗೆ ಮೂರು ಸಿಲಿಂಡರಿನಷ್ಟು! ಇದನ್ನು ಪೋಷಕರ ಸಭೆಯಲ್ಲಿ ಬೋರ್ಡ್ ಮೇಲೆ ಬಿಡಿಸಿ ತೋರಿಸಿ. ಒಂದೇ ಬೀದಿಯ ಮಕ್ಕಳು ದೊಡ್ಡವರೊಬ್ಬರ ಜೊತೆ ನಡೆದು ಬರುವ ಏರ್ಪಾಡಿಗೆ ಅಲ್ಲೇ ಹೆಸರು ಬರೆಸಿಕೊಳ್ಳಬಹುದು.

ಹಂತ 4: ಕಡಿಮೆ ಮಾಡುವುದು ಅಡುಗೆಮನೆಯಿಂದ ಶುರುವಾಗಲಿ

ಊಟಕ್ಕೆ ಕತ್ತರಿ ಹಾಕಬೇಕಿಲ್ಲ, ಹಾಕಲೂ ಕೂಡದು. ಅಡುಗೆ ಮಾಡುವ ಅಕ್ಕಂದಿರನ್ನು ಕೂರಿಸಿಕೊಂಡು ಮಾತಾಡಿ, ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಬೇಳೆ, ಕಾಳು ಮೊದಲೇ ನೆನೆಸಿಡುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು. ಸಾಂಬಾರಿನ ಬೇಳೆಗೆ ದೊಡ್ಡ ಕುಕ್ಕರ್ ಇಲ್ಲದಿದ್ದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮೂಲಕ ತರಿಸಿ. ಉರಿ ಹಳದಿಯಾಗಿ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿರಬಹುದು, ಸರ್ವಿಸ್ ಮಾಡಿಸಿ. ದಾನಿಗಳು ಸಿಕ್ಕರೆ ಸೋಲಾರ್ ವಾಟರ್ ಹೀಟರ್ ಕೇಳಿ. 60 ಡಿಗ್ರಿಯ ನೀರನ್ನು ಒಲೆಗಿಟ್ಟರೆ ನೀರು ಕುದಿಯಲು ಬೇಕಾದ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ಗ್ಯಾಸ್ ಉಳಿಸಲು ಸೌದೆ ಒಲೆಗೆ ಹೋಗುವುದು ಮಾತ್ರ ಬೇಡ. ಆ ಹೊಗೆ ಕುಡಿಯುವವರು ಅಡುಗೆಯವರು.

ಸಿಲಿಂಡರ್ ಬದಲಿಸಿದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಐದು ದಿನಕ್ಕೆ ಮುಗಿಯುತ್ತಿದ್ದದ್ದು ಆರು ದಿನ ಬಂದರೆ ವರ್ಷಕ್ಕೆ ಹತ್ತು ಸಿಲಿಂಡರ್ ಹತ್ತಿರ ಉಳಿತಾಯ, ಅಂದರೆ 420 ಕೆ.ಜಿ. ನಮ್ಮ ಉದಾಹರಣೆ ಶಾಲೆಯ ಇಡೀ ವರ್ಷದ ಕರೆಂಟಿನ ಅರ್ಧ!

ತಟ್ಟೆಯಲ್ಲಿ ಉಳಿದದ್ದನ್ನು ಒಂದು ವಾರ ತೂಗಿ. ಕಸದ ರಾಶಿಯಲ್ಲಿ ಮುಚ್ಚಿ ಕೊಳೆತರೆ ಮೀಥೇನ್ ಹೊರಡುತ್ತದೆ, ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಬಹಳ ಜೋರಾಗಿ ಬಿಸಿ ಏರಿಸುವ ಅನಿಲ. ಗಾಳಿಯಾಡುವ ಗೊಬ್ಬರದ ಗುಂಡಿಗೆ ಹಾಕಿ.

ಕರೆಂಟಿಗೆ ಒಂದು ಪತ್ತೇದಾರಿ ಕೆಲಸ ಇದೆ, ಮಕ್ಕಳಿಗೆ ಖುಷಿ ಕೊಡುತ್ತದೆ. ಶನಿವಾರ ಶಾಲೆ ಬಿಟ್ಟಾಗ ಮೀಟರ್ ಓದಿ. ಸೋಮವಾರ ಬೀಗ ತೆಗೆದ ಕೂಡಲೇ ಮತ್ತೆ ಓದಿ. ಯಾರೂ ಇಲ್ಲದಾಗ ಯೂನಿಟ್ ಏರಿದ್ದರೆ ಯಾರು ತಿಂದರು? ಕಂಪ್ಯೂಟರ್ ಕೋಣೆಯ ಯುಪಿಎಸ್ ಇರಬಹುದು, ಆರಿಸದೆ ಬಿಟ್ಟ ವರಾಂಡದ ಲೈಟ್ ಇರಬಹುದು. ಟ್ಯಾಂಕ್ ತುಂಬಿ ಚೆಲ್ಲುವವರೆಗೆ ಓಡುವ ಮೋಟಾರಿನ ಮೇಲೂ ಒಂದು ಕಣ್ಣಿಡಿ. ಫ್ಯಾನ್ ಕೆಟ್ಟಾಗ ಹಳೆಯ ಬಗೆಯದನ್ನೇ ತರಬೇಡಿ. ಹಳೆಯದು 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ ಆರು ತಾಸು ತಿರುಗಿದರೆ ಒಂದು ಫ್ಯಾನ್ ವರ್ಷಕ್ಕೆ ಸುಮಾರು 60 ಯೂನಿಟ್ ಉಳಿಸುತ್ತದೆ.

ಬಸ್ಸಿರುವ ಶಾಲೆಯವರು ರೂಟ್ ಮ್ಯಾಪ್ ಬಿಚ್ಚಿ ಕೂರಲೇಬೇಕು. ಅರ್ಧ ಖಾಲಿ ಓಡುವ ಎರಡು ರೂಟನ್ನು ಒಂದು ಮಾಡಿದರೆ ಸಿಗುವಷ್ಟು ಉಳಿತಾಯ ಬೇರೆ ಯಾವುದರಲ್ಲೂ ಸಿಗದು.

ಗಿಡ ನೆಡುವ ಮಾತು? ನೆಡಿ, ನೆರಳಿಗೆ, ಹಕ್ಕಿಗೆ. ಆದರೆ ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ 20 ಕೆ.ಜಿ. ಹೀರುತ್ತದೆ ಎಂದು ಹಿಡಿದರೂ ನಮ್ಮ ಉದಾಹರಣೆ ಶಾಲೆಯ ಗ್ಯಾಸು, ಕರೆಂಟಿಗೇ 168 ದೊಡ್ಡ ಮರ ಬೇಕು. ನೆಟ್ಟ ಸಸಿಯನ್ನು ಈ ವರ್ಷದ ಲೆಕ್ಕದಲ್ಲಿ ಕಳೆಯಬೇಡಿ.

ಹಂತ 5: ಮುಂದಿನ ವರ್ಷ ಮತ್ತೆ ಅಳೆಯಿರಿ

ಅದೇ ತಿಂಗಳುಗಳು, ಅದೇ ಅಂಕಿಗಳು. ಕೊನೆಗೆ ಒಟ್ಟು ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಇಲ್ಲದಿದ್ದರೆ ದಾಖಲಾತಿ ಕಡಿಮೆಯಾದ ಶಾಲೆ ಏನೂ ಉಳಿಸದೆಯೇ ಸುಮ್ನೆ ಬೀಗುತ್ತದೆ. ನಮ್ಮ ಉದಾಹರಣೆಯಲ್ಲಿ ಮಗುವೊಂದಕ್ಕೆ ಹತ್ತಿರ ಹತ್ತಿರ 17 ಕೆ.ಜಿ. ಬರುತ್ತದೆ.