ಜಾಹೀರಾತಿನಲ್ಲಿ ಕಾಣುವುದು ಹಳೆಯ ಮಾಲೀಕರ ತೆರಿಗೆ. ನಿಮ್ಮದನ್ನು ಹೀಗೆ ಲೆಕ್ಕ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ಹುಡುಕುತ್ತಿದ್ದೀರಾ? ಆನ್‌ಲೈನ್ ಜಾಹೀರಾತಿನ ಕೊನೆಯಲ್ಲಿ ಆಸ್ತಿ ತೆರಿಗೆಯ ಇತಿಹಾಸ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿರುವುದು ಈಗಿನ ಮಾಲೀಕರು ಕಟ್ಟಿದ ಮೊತ್ತ. ಅದನ್ನು ನಂಬಿ ತಿಂಗಳ ಖರ್ಚಿನ ಲೆಕ್ಕ ಹಾಕಬೇಡಿ.

1978ರಲ್ಲಿ ಅಲ್ಲಿನ ಜನ ಮತ ಹಾಕಿ ತಂದ ಪ್ರಾಪೊಸಿಷನ್ 13 ಎಂಬ ಕಾನೂನಿನ ಪ್ರಕಾರ, ತೆರಿಗೆಗೆ ಹಿಡಿಯುವ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಆದರೆ ಮನೆ ಮಾರಾಟವಾದಾಗ ಅದು ಹೊಸ ಬೆಲೆಗೆ ಏರುತ್ತದೆ. 35 ವರ್ಷದ ಹಿಂದೆ 3 ಲಕ್ಷ ಡಾಲರ್‌ಗೆ ಕೊಂಡ ಮನೆ ಅಂದುಕೊಳ್ಳಿ. ಇಂದು ಅದರ ತೆರಿಗೆ ಮೌಲ್ಯ ಹೆಚ್ಚೆಂದರೆ ಸುಮಾರು 6 ಲಕ್ಷ. ದರ ಶೇ 1.2 ಇದ್ದರೆ ವರ್ಷಕ್ಕೆ 7,200 ಡಾಲರ್. ಅದೇ ಮನೆಯನ್ನು ನೀವು 15 ಲಕ್ಷಕ್ಕೆ ಕೊಂಡರೆ 18,000. ತಿಂಗಳಿಗೆ 900 ಡಾಲರ್ ಜಾಸ್ತಿ!

ಮೊದಲು ಕೌಂಟಿಯ (ಅಲ್ಲಿನ ಜಿಲ್ಲೆಯ) ತೆರಿಗೆ ಜಾಲತಾಣಕ್ಕೆ ಹೋಗಿ. ಸಾಂಟಾ ಕ್ಲಾರಾ, ಅಲಮೇಡಾ ಕೌಂಟಿಗಳಲ್ಲಿ ಪಾರ್ಸೆಲ್ ನಂಬರ್ (ಆ ಆಸ್ತಿಗೆ ಕೌಂಟಿ ಕೊಟ್ಟ ಸಂಖ್ಯೆ) ಹಾಕಿದರೆ ಆ ಮನೆಯ ಬಿಲ್ಲೇ ಸಿಗುತ್ತದೆ. ಅದರಲ್ಲಿ ದರ ನೋಡಿ. ಮೂಲ ದರ ಶೇ 1; ಜನ ಮತ ಹಾಕಿ ಒಪ್ಪಿದ ಶಾಲೆ, ಆಸ್ಪತ್ರೆ ಬಾಂಡ್‌ಗಳನ್ನು, ಅಂದರೆ ಸಾಲಗಳನ್ನು, ತೀರಿಸುವ ದರ ಅದರ ಮೇಲೆ ಸೇರುತ್ತದೆ. ಈ ದರವನ್ನು ನೀವು ಕೊಡಲಿರುವ ಬೆಲೆಗೆ ಗುಣಿಸಿ.

ಆಮೇಲೆ ಬಿಲ್ಲಿನ ಕೆಳಭಾಗ ಓದಿ. ಮನೆ ಬೆಲೆಗೆ ಸಂಬಂಧವಿಲ್ಲದ ಪ್ರತ್ಯೇಕ ಶುಲ್ಕಗಳು ಅಲ್ಲಿರುತ್ತವೆ. ಹೊಸ ಬಡಾವಣೆಯಾದರೆ ಮೆಲೊ-ರೂಸ್ ತೆರಿಗೆ ಇದೆಯಾ ಅಂತ ಏಜೆಂಟರನ್ನು ಕೇಳಲೇಬೇಕು. ರಸ್ತೆ, ಚರಂಡಿ, ಶಾಲೆ ಕಟ್ಟಿದ ಸಾಲ ತೀರಿಸಲು ಹಾಕುವ ತೆರಿಗೆ ಇದು. ಕೆಲವು ಕಡೆ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ. ಇವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿದರೆ ನಿಮ್ಮ ತಿಂಗಳ ಲೆಕ್ಕ ಸಿಕ್ಕಿತು.

ಮನೆ ಮಾರುವವರಿಗೂ ಒಂದು ಮಾತು. ಕೇಳುವ ಬೆಲೆಗೆ ಅಂದಾಜು ತೆರಿಗೆ ಎಷ್ಟಾಗುತ್ತದೆ ಅಂತ ಜಾಹೀರಾತಿನಲ್ಲೇ ಬರೆಸಿ. ಏಜೆಂಟರಿಗೆ ಹೇಳಿದರೆ ವಿವರಣೆಯಲ್ಲಿ ಒಂದು ಸಾಲು ಸೇರಿಸುವುದು ಕಷ್ಟವೇನಲ್ಲ. ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವವರಿಗೆ ಇಷ್ಟು ಮಾಹಿತಿ ಮೊದಲೇ ಸಿಗಬೇಕು, ಅಲ್ವಾ?

ಇನ್ನು ಕೊಳ್ಳುವವರಿಗೆ ಮತ್ತೊಂದು ಮಾತು: ಮನೆ ಕೈಗೆ ಬಂದ ಕೆಲವು ತಿಂಗಳಲ್ಲಿ ಸಪ್ಲಿಮೆಂಟಲ್ (ಹೆಚ್ಚುವರಿ) ಬಿಲ್ ಬರುತ್ತದೆ. ಹಳೆಯ ಮತ್ತು ಹೊಸ ಮೌಲ್ಯದ ವ್ಯತ್ಯಾಸಕ್ಕೆ ಹಾಕುವ ತೆರಿಗೆ ಅದು. ಜನವರಿಯಿಂದ ಮೇ ಕೊನೆಯೊಳಗೆ ಕೊಂಡಿದ್ದರೆ ಎರಡು ಬಿಲ್ ಬರಬಹುದು. ತೆರಿಗೆಯನ್ನು ಸಾಲ ಕೊಟ್ಟ ಬ್ಯಾಂಕೇ ಕಟ್ಟುತ್ತಿದ್ದರೂ ಈ ಬಿಲ್ ಸಾಮಾನ್ಯವಾಗಿ ನೇರವಾಗಿ ನಿಮ್ಮ ಮನೆಗೇ ಬರುತ್ತದೆ. ಅದಕ್ಕೆ ಬೇರೆಯಾಗಿ ದುಡ್ಡು ತೆಗೆದಿಡಿ.